ಧಾರವಾಡಕ್ಕೆ ಹೋಗಿ ಬಂದ ಮೇಲೆ

ನಮ್ಮ ಕಡೆ ಯಾರಾದರೂ ಸ್ವಲ್ಪ ಬೇರೆ ರೀತಿ ನಡೆದುಕೊಂಡರೆ ಸಾಕು, "ಇವನ್ನ ಧಾರವಾಡಕ್ಕ ಕಳಸ್ರಿ" ಎಂದು ನಗುತ್ತಾರೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಎಲ್ಲಿ ಹೋದರೂ ಈ ಮಾತು ಕೇಳುತ್ತದೆ. ಬ್ರಿಟಿಷರ ಕಾಲದಿಂದಲೂ ಅಲ್ಲಿ ಮಾನಸಿಕ ಆಸ್ಪತ್ರೆ ಇರುವುದರಿಂದ ವಿದ್ಯೆಗೆ ಹೆಸರಾದ ಊರಿನ ಹೆಸರೇ ಒಂದು ಬೈಗುಳವಾಗಿದೆ. ಚಿಕ್ಕವಳಿದ್ದಾಗ ನಾನೂ ಗೆಳತಿಯರಿಗೆ ಹಾಗೆ ಹೇಳಿ ನಕ್ಕಿದ್ದೇನೆ. ಕಳೆದ ವರ್ಷ ನನ್ನ ಖಾಲಾನ ಮಗಳನ್ನು ಕರೆದುಕೊಂಡು ನಿಜವಾಗಿಯೂ ಧಾರವಾಡದ ಬಸ್ಸು ಹತ್ತಿದಾಗ ಆ ನಗುವಿಗಾಗಿ ನಾಚಿಕೆಯಾಯಿತು.

ಅವಳ ಹೆಸರು ಇಲ್ಲಿ ಬೇಡ. "ಬರಿ ಆಪಾ, ನಾಕು ಮಂದಿಗೆ ಗೊತ್ತಾಗಲಿ. ಹೆಸರ ಮಾತ್ರ ಹಾಕಬ್ಯಾಡ" ಎಂದು ಒಪ್ಪಿಗೆ ಕೊಟ್ಟ ಮೇಲೆಯೇ ಬರೆಯುತ್ತಿದ್ದೇನೆ.

ಖಾಲಾಳ ಮನೆ ಮುಧೋಳದಲ್ಲಿ. ಈ ಮಗಳು ಚಿಕ್ಕಂದಿನಿಂದಲೂ ಮಾತು ಕಡಿಮೆ. ಓಣಿಯಲ್ಲಿ ಆಡಲು ಹೋಗುತ್ತಿರಲಿಲ್ಲ. ಯಾರೊಂದಿಗೂ ಜಗಳವಿಲ್ಲ. ತಗ್ಗಿಸಿದ ತಲೆ ಎತ್ತುತ್ತಿರಲಿಲ್ಲ. ಲೆಕ್ಕದಲ್ಲಿ ತರಗತಿಗೇ ಮೊದಲಿಗಳು. ನೆರೆಯ ಹೆಂಗಸರು ತಮ್ಮ ಹೆಣ್ಣುಮಕ್ಕಳಿಗೆ, "ಆಕೀನ್ನ ನೋಡಿ ಕಲೀರಿ, ಎಂಥಾ ಸಂಭಾವಿತ ಹುಡುಗಿ" ಎನ್ನುತ್ತಿದ್ದರು.

ಮದುವೆಯಾಗಿ ಹೋದದ್ದು ರಬಕವಿ-ಬನಹಟ್ಟಿಯ ಒಂದು ನೇಕಾರರ ಮನೆಗೆ. ತುಂಬು ಸಂಸಾರ, ಮನೆಗೆ ಹೊಂದಿಯೇ ಪವರ್‌ಲೂಮ್, ದಿನವೂ ಹೋಗಿ ಬರುವ ಜನ. ಆರೇ ತಿಂಗಳಲ್ಲಿ ಅವಳ ಮೌನಕ್ಕೆ ಬೇರೆ ಹೆಸರು ಬಂತು: ಸೊಕ್ಕು. ಅತಿಥಿಗಳು ಬಂದರೆ ಒಳಗೆ ಹೋಗುತ್ತಾಳೆ, ಸೊಕ್ಕು. ಸಲಾಂ ಹೇಳಿದವರ ಮುಖ ನೋಡುವುದಿಲ್ಲ, ಸೊಕ್ಕು. ಅತ್ತೆ "ಪಲ್ಯಾ ಹೆಂಗಾಗೇತಿ?" ಎಂದು ಕೇಳಿದರೆ "ಉಪ್ಪ ಹೆಚ್ಚಾಗೇತಿ" ಎಂದು ಎಲ್ಲರೆದುರು ಹೇಳಿಬಿಡುತ್ತಾಳೆ, ಅದು ಇನ್ನೂ ದೊಡ್ಡ ಸೊಕ್ಕು. ಮದುವೆ ಮನೆಯಲ್ಲಿ ಧ್ವನಿವರ್ಧಕ ಶುರುವಾದರೆ ಕಿವಿ ಮುಚ್ಚಿಕೊಂಡು ಅಳುತ್ತಾಳೆ, ಅದು ನಾಟಕ. ವಿಚಿತ್ರವೆಂದರೆ ಮಗ್ಗದ ಸದ್ದು ಅವಳಿಗೆ ತೊಂದರೆಯೇ ಆಗಿರಲಿಲ್ಲ. ಒಂದೇ ತಾಳದಲ್ಲಿ ಬಡಿಯುವ ಆ ಶಬ್ದದ ಪಕ್ಕ ಕುಳಿತರೆ ಅವಳಿಗೆ ಸಮಾಧಾನ. "ಇಷ್ಟ ದೊಡ್ಡ ಮಗ್ಗದ ಸಪ್ಪಳ ನಡೀತೈತಿ, ಕುಕ್ಕರಿನ ಸೀಟಿ ನಡಿಯಾಂಗಿಲ್ಲಂತ!" ಎಂದು ನಾದಿನಿಯರು ಆಡಿಕೊಳ್ಳುತ್ತಿದ್ದರು. ಎರಡು ಸಲ ತವರಿಗೆ ಕಳುಹಿಸಿದರು. ಎರಡನೆಯ ಸಲ ತಲಾಕಿನ ಮಾತೂ ಬಂತು.

ಸಹೋದರಿಯರೇ, ಇಲ್ಲಿ ಒಂದು ಕ್ಷಣ ನಿಲ್ಲೋಣ. ಹುಡುಗಿ ಬದಲಾಗಲಿಲ್ಲ, ಮನೆ ಬದಲಾಯಿತು. ತವರಿನಲ್ಲಿ ಯಾವ ಮೌನವನ್ನು ಹೊಗಳಿದೆವೋ ಅದನ್ನೇ ಗಂಡನ ಮನೆಯಲ್ಲಿ ಅಪರಾಧ ಎಂದೆವು. ಹಾಗಾದರೆ ಆ ಮೌನದ ಕಾರಣವನ್ನು ಯಾರೂ ಯಾಕೆ ಕೇಳಲಿಲ್ಲ?

ಮಗನ ಹಾಳೆಯಲ್ಲಿ ತಾಯಿಯ ಉತ್ತರ

ಅವಳ ಮಗನಿಗೆ ಆಗ ನಾಲ್ಕು ವರ್ಷ. ಮಾತು ತಡವಾಗಿತ್ತು, ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಮಕ್ಕಳ ತಜ್ಞರು ಪರೀಕ್ಷಿಸಿ ಆಟಿಸಂ ಎಂದರು. ಕನ್ನಡದಲ್ಲಿ ಇದನ್ನು ಸ್ವಲೀನತೆ ಎಂದೂ ಕರೆಯುತ್ತಾರೆ. ಪರೀಕ್ಷೆಯ ಹೊತ್ತಿಗೆ ತಾಯಿಗೆ ಕೇಳುವ ಪ್ರಶ್ನೆಗಳ ಹಾಳೆಯೊಂದನ್ನು ಕೊಟ್ಟಿದ್ದರು. ಶಬ್ದಕ್ಕೆ ಹೆದರುತ್ತದೆಯೇ? ವಸ್ತುಗಳನ್ನು ಸಾಲಾಗಿ ಜೋಡಿಸುತ್ತದೆಯೇ? ದಿನಚರಿ ಸ್ವಲ್ಪ ಬದಲಾದರೂ ಅಳುತ್ತದೆಯೇ? ಅವಳು ಅರ್ಧ ತುಂಬಿಸಿ ನನಗೆ ಫೋನ್ ಮಾಡಿದಳು. "ಆಪಾ, ಇದರಾಗ ಅವಂದಷ್ಟೇ ಅಲ್ಲ, ನಂದೂ ಬರದಾರ."

ದೊಡ್ಡವರಾದ ಮೇಲೆ ಆಟಿಸಂ ಗೊತ್ತಾಗುವ ಅನೇಕರ ಕತೆ ಹೀಗೆಯೇ ಶುರುವಾಗುತ್ತದೆಯಂತೆ. ಮಗುವಿನ ಪರೀಕ್ಷೆಗೆ ಹೋದ ತಾಯಿ ಅಥವಾ ತಂದೆ ಆ ಪ್ರಶ್ನೆಗಳಲ್ಲಿ ತಮ್ಮನ್ನು ಕಾಣುತ್ತಾರೆ. ಆಟಿಸಂನಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು. ಆದ್ದರಿಂದ ಒಂದೇ ಕುಟುಂಬದಲ್ಲಿ ಒಬ್ಬರಿಗಿಂತ ಹೆಚ್ಚು ಜನರಲ್ಲಿ ಇದು ಇರುವುದು ಅಪರೂಪವಲ್ಲ.

ಹತ್ತಿರದ ಊರಿನ ಒಬ್ಬ ವೈದ್ಯರ ಬಳಿ ಕೇಳಿದೆವು. "ಮದುವಿಯಾಗಿ ಮಗುವಾದವರಿಗೆ ಎಲ್ಲಿಯ ಆಟಿಸಂ? ಅದು ಸಣ್ಣ ಹುಡುಗರದು" ಎಂದು ನಿದ್ರೆ ಗುಳಿಗೆ ಬರೆದು ಕಳುಹಿಸಿದರು. ಗಂಡನ ಮನೆಯವರು ಅದಕ್ಕೂ ಮೊದಲೇ ಒಬ್ಬ ಆಮಿಲರ ಬಳಿ ಕರೆದೊಯ್ದು, ಜಿನ್ನ್ ಇದೆ ಎಂದು ಹೇಳಿಸಿಕೊಂಡು, ತಾವೀಜ್ ಕಟ್ಟಿಸಿ, ಸಾವಿರಾರು ರೂಪಾಯಿ ಕೊಟ್ಟು ಬಂದಿದ್ದರು. ಮದರಸಾದಲ್ಲೂ ಕಾಲೇಜಿನಲ್ಲೂ ಓದಿದ ನಾನು ಇಷ್ಟು ಹೇಳಬಲ್ಲೆ: ದುಆ ಮಾಡುವುದನ್ನು ಯಾರೂ ಬೇಡ ಎನ್ನುವುದಿಲ್ಲ, ಆದರೆ ದುಆದ ಹೆಸರಿನಲ್ಲಿ ದವಾದ ಬಾಗಿಲು ಮುಚ್ಚುವುದು ದೀನ್ ಕಲಿಸಿದ್ದಲ್ಲ.

ಇಷ್ಟು ವರ್ಷ ಯಾಕೆ ಗೊತ್ತಾಗಲಿಲ್ಲ?

ಅಮೆರಿಕದ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ಬಗ್ಗೆ ಬರೆದ ಲೇಖನದಿಂದ ಆಟಿಸಂ ವೈದ್ಯಲೋಕದ ಗಮನಕ್ಕೆ ಬಂತು. ಆ ಹನ್ನೊಂದರಲ್ಲಿ ಎಂಟು ಗಂಡು, ಮೂರು ಹೆಣ್ಣು. ಅಂದಿನಿಂದ ಇದು ಗಂಡುಮಕ್ಕಳದು, ಚಿಕ್ಕಮಕ್ಕಳದು ಎಂಬ ಕಲ್ಪನೆಯೇ ಬೇರೂರಿತು. ನಾಲ್ಕು ಹುಡುಗರಿಗೆ ಒಬ್ಬ ಹುಡುಗಿ ಎಂಬ ಲೆಕ್ಕ ಬಹುಕಾಲ ನಡೆಯಿತು. ಅನೇಕ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2017ರಲ್ಲಿ ಪ್ರಕಟವಾದ ವರದಿ, ಅದು ಮೂರಕ್ಕೆ ಒಂದರ ಹತ್ತಿರ ಇದೆ, ಹುಡುಗಿಯರು ಪರೀಕ್ಷೆಗೆ ಬಾರದೆ ಉಳಿಯುತ್ತಿದ್ದಾರೆ ಎಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ 127 ಜನರಿಗೆ ಒಬ್ಬರಂತೆ ಆಟಿಸಂ ಇತ್ತು. ಈ ಲೆಕ್ಕ ಹಿಡಿದರೆ ಒಂದು ದೊಡ್ಡ ಮದುವೆಗೆ ಸೇರುವ ಜನರಲ್ಲೇ ನಾಲ್ಕಾರು ಮಂದಿ ಇರಬಹುದು.

ನಮ್ಮ ದೇಶದ ಕಾನೂನಿಗೂ ಈ ಪದ ತಡವಾಗಿಯೇ ಬಂತು. 1995ರ ಅಂಗವಿಕಲರ ಕಾಯ್ದೆಯ ಏಳು ವಿಧಗಳಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಸೇರಿತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ವಿಧಗಳನ್ನು ಪಟ್ಟಿ ಮಾಡಿದಾಗ ಅದರಲ್ಲೂ ಬಂತು. ಈಗ ಮೂವತ್ತು ದಾಟಿದ ಹೆಣ್ಣುಮಗಳು ಶಾಲೆಗೆ ಹೋಗುವಾಗ ಅವಳ ಗುರುಗಳಿಗೆ ಇದು ಗೊತ್ತಿರಲು ಹೇಗೆ ಸಾಧ್ಯ? ಮಕ್ಕಳಿಗೆ ಪಾಠ ಹೇಳುವ ನನಗೇ ಹತ್ತು ವರ್ಷದ ಹಿಂದೆ ಗೊತ್ತಿರಲಿಲ್ಲ.

ಆಟಿಸಂ ಹುಚ್ಚಲ್ಲ, ಅಂಟುವ ರೋಗವೂ ಅಲ್ಲ. ಹುಟ್ಟಿನಿಂದಲೇ ಮಿದುಳು ಬೆಳೆಯುವ ರೀತಿಯಲ್ಲಿರುವ ಒಂದು ವ್ಯತ್ಯಾಸ. ಕೆಲವರಿಗೆ ಮಾತೇ ಬರುವುದಿಲ್ಲ, ಜೀವನವಿಡೀ ಇನ್ನೊಬ್ಬರ ಆಸರೆ ಬೇಕು. ಕೆಲವರು ಓದಿ ನೌಕರಿ ಮಾಡುತ್ತಾರೆ, ಸಂಸಾರ ನಡೆಸುತ್ತಾರೆ, ಆದರೆ ಒಳಗೊಳಗೇ ದಣಿದುಹೋಗುತ್ತಾರೆ. ಮೊದಲು ಇದಕ್ಕೆ ಬೇರೆ ಬೇರೆ ಹೆಸರುಗಳಿದ್ದವು. 2013ರಿಂದ ಅಮೆರಿಕದ ಮನೋವೈದ್ಯರ ಕೈಪಿಡಿ ಎಲ್ಲವನ್ನೂ ಒಂದೇ ಹೆಸರಿನಡಿ ತಂದಿದೆ.

ಹೋಗುವ ಮೊದಲು ಏನು ಮಾಡಬೇಕು?

ಮೊದಲ ಮಾತು, ರಕ್ತ ಪರೀಕ್ಷೆಯಿಂದಾಗಲಿ ತಲೆಯ ಸ್ಕ್ಯಾನಿಂಗ್‌ನಿಂದಾಗಲಿ ಆಟಿಸಂ ಇದೆ ಎಂದು ಹೇಳಲು ಬರುವುದಿಲ್ಲ. ಥೈರಾಯ್ಡ್ ಮುಂತಾದ ಬೇರೆ ತೊಂದರೆ ಇಲ್ಲವೆಂದು ತಿಳಿಯಲು ರಕ್ತ ತೆಗೆಯಬಹುದು, ಕಿವಿ ಪರೀಕ್ಷಿಸಬಹುದು. ಅಸಲಿ ಪರೀಕ್ಷೆ ಮಾತುಕತೆಯದ್ದು. ಬಾಲ್ಯದಿಂದ ಇಂದಿನವರೆಗಿನ ಬದುಕನ್ನು ತಜ್ಞರು ಕೇಳಿ, ನೋಡಿ, ಬರೆದುಕೊಳ್ಳುತ್ತಾರೆ. ಆದ್ದರಿಂದ ನೀವು ಒಯ್ಯಬೇಕಾದದ್ದು ನೆನಪುಗಳನ್ನು.

ನಾವು ಒಂದು ಚೀಲದಲ್ಲಿ ಇವಿಷ್ಟನ್ನು ಹಾಕಿಕೊಂಡಿದ್ದೆವು: ಶಾಲೆಯ ಅಂಕಪಟ್ಟಿಗಳು, ಹಿಂದೆ ತೋರಿಸಿದ ವೈದ್ಯರ ಚೀಟಿಗಳು, ನುಂಗುತ್ತಿದ್ದ ಗುಳಿಗೆಗಳ ಹಾಳೆ, ಚಿಕ್ಕಂದಿನ ಫೋಟೋಗಳು, ಅವಳ ಅಕ್ಕನ ಮದುವೆಯ ಹಳೆಯ ವಿಡಿಯೋ ಸಿ.ಡಿ. ಆ ವಿಡಿಯೋದಲ್ಲಿ ಎಲ್ಲ ಹುಡುಗಿಯರೂ ಮೆಹಂದಿ ತೋರಿಸಿ ನಗುತ್ತಿದ್ದರೆ, ಇವಳೊಬ್ಬಳು ಮೂಲೆಯಲ್ಲಿ ಕುಳಿತು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಾಳೆ. ನೂರು ಸಲ ನೋಡಿದ ವಿಡಿಯೋ, ನಮ್ಮ ಕಣ್ಣಿಗೆ ಮಾತ್ರ ಬಿದ್ದಿರಲಿಲ್ಲ.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅವಳೇ ಬರೆದ ನಾಲ್ಕು ಪುಟ. ಹೊಸಬರ ಎದುರು ಅವಳಿಗೆ ಬಾಯಿ ಕಟ್ಟುತ್ತದೆ. ಅದಕ್ಕೆ ವಾರದ ಮೊದಲೇ, ಯಾವುದು ಕಷ್ಟ, ಯಾವುದು ಇಷ್ಟ, ಯಾವಾಗಿನಿಂದ ಹೀಗೆ ಎಂದು ಬರೆಯಲು ಹೇಳಿದ್ದೆ. ನಮ್ಮ ಮನೆಗಳಲ್ಲಿ ಮಾತು ಉರ್ದುವಿನಲ್ಲಿ, ಶಾಲೆ ಒಬ್ಬರದು ಉರ್ದು, ಒಬ್ಬರದು ಕನ್ನಡ. ಯಾವ ಭಾಷೆಯಲ್ಲಿ ಮನಸ್ಸು ಬಿಚ್ಚುತ್ತದೋ ಅದರಲ್ಲೇ ಬರೆಯಿರಿ. ಬೇಕಾದ ಭಾಷೆಯಲ್ಲಿ ಮಾತಾಡುವವರು ಇದ್ದಾರೆಯೇ, ಮಹಿಳಾ ತಜ್ಞರು ಇದ್ದಾರೆಯೇ ಎಂದು ಮೊದಲೇ ವಿಚಾರಿಸುವುದರಲ್ಲಿ ಸಂಕೋಚ ಬೇಡ.

ಫೋನಿನಲ್ಲಿ ಸಿಗುವ ಪ್ರಶ್ನಾವಳಿಗಳ ಬಗ್ಗೆಯೂ ಒಂದು ಮಾತು. ಕೇಂಬ್ರಿಡ್ಜ್‌ನ ಸಂಶೋಧಕರು 2001ರಲ್ಲಿ ಪ್ರಕಟಿಸಿದ 50 ವಾಕ್ಯಗಳ ಪ್ರಶ್ನಾವಳಿ ಬಹಳ ಹೆಸರಾಗಿದೆ. ಇಂಥವು ಮುಂದೆ ಪರೀಕ್ಷೆ ಬೇಕೇ ಎಂದು ಸೂಚಿಸುತ್ತವೆ ಅಷ್ಟೆ. ಅಂಕ ಹೆಚ್ಚು ಬಂತೆಂದು ಆಟಿಸಂ ಎಂದೂ, ಕಡಿಮೆ ಬಂತೆಂದು ಇಲ್ಲವೆಂದೂ ನೀವೇ ತೀರ್ಮಾನಿಸಬೇಡಿ.

ಕೋಣೆಯೊಳಗೆ ನಡೆದದ್ದು

ಮುಧೋಳ, ಲೋಕಾಪುರ ದಾಟಿ ಧಾರವಾಡ ಮುಟ್ಟುವವರೆಗೂ ಅವಳು ಒಂದೇ ಪ್ರಶ್ನೆ ಕೇಳುತ್ತಿದ್ದಳು. "ಫೇಲ್ ಆದರ ಏನ್ ಮಾಡೂದು?" ಪರೀಕ್ಷೆ ಎಂಬ ಪದವೇ ಅವಳನ್ನು ಹೆದರಿಸಿತ್ತು. ಇದರಲ್ಲಿ ಪಾಸೂ ಇಲ್ಲ, ಫೇಲೂ ಇಲ್ಲ. ಸರಿ ಉತ್ತರ ಎಂಬುದೂ ಇಲ್ಲ. ನಿಜವಾದ ಉತ್ತರ ಇದ್ದರೆ ಸಾಕು.

ನಮಗೆ ಒಟ್ಟು ಮೂರು ಭೇಟಿ ಬೇಕಾದವು. ಮೊದಲ ದಿನ ಮನೋವೈದ್ಯರು ನಿದ್ರೆ, ಊಟ, ಭಯ, ದುಃಖ, ಸಾಯುವ ಯೋಚನೆ ಬಂದಿದೆಯೇ, ಯಾರೂ ಇಲ್ಲದಾಗ ಧ್ವನಿ ಕೇಳಿಸುತ್ತದೆಯೇ ಎಂದೆಲ್ಲ ಕೇಳಿದರು. ಇಂಥ ಪ್ರಶ್ನೆ ಕೇಳಿದರೆಂದು ಬೇಸರಪಡಬಾರದು. ಖಿನ್ನತೆ, ಆತಂಕ, ಗೀಳು, ಗಮನ ನಿಲ್ಲದ ಎ.ಡಿ.ಎಚ್.ಡಿ. ಇವು ಕೆಲವೊಮ್ಮೆ ಆಟಿಸಂನಂತೆ ಕಾಣುತ್ತವೆ, ಕೆಲವೊಮ್ಮೆ ಆಟಿಸಂನ ಜೊತೆಗೇ ಇರುತ್ತವೆ. ಅವನ್ನು ಬೇರ್ಪಡಿಸುವುದೇ ಅವರ ಕೆಲಸ.

ಎರಡನೆಯ ಭೇಟಿಯಲ್ಲಿ ಮನಶ್ಶಾಸ್ತ್ರಜ್ಞೆಯೊಬ್ಬರು ಬಹಳ ಹೊತ್ತು ಅವಳೊಬ್ಬಳೊಂದಿಗೇ ಕುಳಿತರು. ನಾನು ಹೊರಗಿದ್ದೆ. ಗೆಳತಿಯರು ಯಾರು, ಗೆಳತಿ ಎಂದರೆ ನಿನ್ನ ಪ್ರಕಾರ ಏನು, ಯಾರಾದರೂ ಬೇಸರದಲ್ಲಿದ್ದಾರೆಂದು ಹೇಗೆ ತಿಳಿಯುತ್ತದೆ ಎಂದು ಕೇಳಿದರಂತೆ. ಚಿತ್ರಗಳ ಪುಸ್ತಕ ಕೊಟ್ಟು ಕತೆ ಹೇಳಿಸಿದರಂತೆ. ಕೆಲವು ಕಡೆ ಬುದ್ಧಿಮತ್ತೆಯ ಪರೀಕ್ಷೆಯನ್ನೂ ಮಾಡುತ್ತಾರೆ. ಪ್ರತಿಯೊಂದು ಆಸ್ಪತ್ರೆಯ ಕ್ರಮ ಸ್ವಲ್ಪ ಬೇರೆ ಇರಬಹುದು.

ಮುಖ್ಯವಾಗಿ ಎರಡು ವಿಷಯ ನೋಡುತ್ತಾರೆ. ಒಂದು, ಜನರೊಂದಿಗೆ ಬೆರೆಯುವ, ಮಾತು ಮತ್ತು ಮುಖಭಾವ ಅರ್ಥ ಮಾಡಿಕೊಳ್ಳುವ ರೀತಿ. ಎರಡು, ಮತ್ತೆ ಮತ್ತೆ ಒಂದೇ ಕ್ರಮ, ಒಂದೇ ವಿಷಯದ ಮೇಲೆ ತೀವ್ರ ಆಸಕ್ತಿ, ಸದ್ದು, ಬಟ್ಟೆ, ವಾಸನೆ, ಬೆಳಕು ಇವು ಅತಿಯಾಗಿ ತಾಕುವುದು ಅಥವಾ ತಾಕದೇ ಇರುವುದು. ಇವೆಲ್ಲ ಬಾಲ್ಯದಿಂದಲೇ ಇದ್ದಿರಬೇಕು, ಬದುಕಿಗೆ ತೊಡಕಾಗಿರಬೇಕು. ಮೊನ್ನೆ ಮೊನ್ನೆ ಶುರುವಾದದ್ದಾದರೆ ಕಾರಣ ಬೇರೆ ಹುಡುಕುತ್ತಾರೆ.

ಇಲ್ಲಿ ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಹಿರಿಯರ ಎದುರು ದೃಷ್ಟಿ ತಗ್ಗಿಸಬೇಕು ಎಂದೇ ನಾವು ಅವರಿಗೆ ಕಲಿಸುತ್ತೇವೆ. ಹೀಗಿರುವಾಗ ಕಣ್ಣು ಕೂಡಿಸದಿರುವುದು ಅದಬೋ ಆಟಿಸಮ್ಮೋ? ಆ ಮನಶ್ಶಾಸ್ತ್ರಜ್ಞೆ ಕೇಳಿದ ಪ್ರಶ್ನೆ ಸರಿಯಾಗಿತ್ತು: "ತಂಗಿ ಜೊತೆ, ಮಗನ ಜೊತೆ ಮಾತಾಡುವಾಗಲೂ ನೋಡುವುದಿಲ್ಲವೇ?" ಇವಳ ಉತ್ತರ: "ನೋಡಿದರ ಮಾತ ಮರೀತದ, ಮಾತಾಡಿದರ ನೋಡೂದ ಮರೀತದ." ಇನ್ನೊಂದು, ಹುಡುಗಿಯರು ಬೇರೆಯವರನ್ನು ನೋಡಿ ನಕಲು ಮಾಡಿ ಮುಚ್ಚಿಕೊಳ್ಳುವುದನ್ನು ಬೇಗ ಕಲಿಯುತ್ತಾರೆ. ನಾದಿನಿ ನಕ್ಕಾಗ ತಾನೂ ನಗುವುದು, ಮೂರು ಸಲ "ಬೈಠೋ" ಎನ್ನುವುದು, ಎಲ್ಲವನ್ನೂ ಅವಳು ಪಾಠದಂತೆ ಬಾಯಿಪಾಠ ಮಾಡಿಕೊಂಡಿದ್ದಳು. ಅತಿಥಿಗಳು ಹೋದ ಮೇಲೆ ಜ್ವರ ಬಂದವಳಂತೆ ಮಲಗುತ್ತಿದ್ದಳು. ನೀವು ಹೋದರೆ, ಹೊರಗೆ ಹೇಗೆ ಕಾಣುತ್ತೀರಿ ಎಂಬುದನ್ನಷ್ಟೇ ಅಲ್ಲ, ಹಾಗೆ ಕಾಣಲು ಎಷ್ಟು ದಣಿಯುತ್ತೀರಿ ಎಂಬುದನ್ನೂ ತಪ್ಪದೆ ಹೇಳಿ.

ಖಾಲಾಳ ಸರದಿ

ಬಾಲ್ಯವನ್ನು ಬಲ್ಲವರು ಒಬ್ಬರು ಜೊತೆಗಿದ್ದರೆ ಒಳ್ಳೆಯದು. ತಾಯಿ ಇಲ್ಲದವರಿಗೆ ಅಜ್ಜಿ, ಅಕ್ಕ, ಫೂಫಿ ಯಾರಾದರೂ ಆಗಬಹುದು. ಯಾರೂ ಇಲ್ಲದಿದ್ದರೂ ಪರೀಕ್ಷೆ ನಿಲ್ಲುವುದಿಲ್ಲ.

ಖಾಲಾಳನ್ನು ಕೇಳಿದರು: ಮೊದಲ ಮಾತು ಯಾವಾಗ? ಬೆರಳು ತೋರಿಸಿ ಏನಾದರೂ ಕೇಳುತ್ತಿತ್ತೇ? ಗೊಂಬೆ ಮದುವೆ, ಅಡುಗೆ ಆಟ ಆಡುತ್ತಿತ್ತೇ? ಖಾಲಾ ನೆನಪಿಸಿಕೊಳ್ಳುತ್ತ ಹೋದಳು. ಅಡುಗೆ ಆಟದಲ್ಲಿ ಅಡುಗೆ ಮಾಡದೆ ಬರೀ ಪಾತ್ರೆಗಳನ್ನು ಅಳತೆಯ ಪ್ರಕಾರ ಜೋಡಿಸುತ್ತಿದ್ದದ್ದು. ಬಸ್ ನಿಲ್ದಾಣದ ವೇಳಾಪಟ್ಟಿಯನ್ನೆಲ್ಲ ಕಂಠಪಾಠ ಹೇಳುತ್ತಿದ್ದದ್ದು. ಒಮ್ಮೆ ದಾದಿ "ಕಣ್ಣಾಗ ಎಣ್ಣಿ ಹಾಕ್ಕೊಂಡು ಹಾಲ ನೋಡಕೊ" ಎಂದರೆ, ಇವಳು ಎಣ್ಣೆ ಬಾಟ್ಲಿ ಹಿಡಿದು ಬಂದು, "ಯಾವ ಎಣ್ಣಿ, ಶೇಂಗಾದ್ದೋ ಕುಸುಬಿದ್ದೋ?" ಎಂದು ಕೇಳಿದ್ದು. ಆ ಮಾತನ್ನು ನಾವು ಇಪ್ಪತ್ತೈದು ವರ್ಷ ನಗೆಚಾಟಿಕೆಯಾಗಿ ಹೇಳಿಕೊಂಡು ಬಂದಿದ್ದೆವು. ಮನಶ್ಶಾಸ್ತ್ರಜ್ಞೆ ನಗಲಿಲ್ಲ, ಬರೆದುಕೊಂಡರು.

ಕೊನೆಗೆ ಖಾಲಾ ಸೆರಗಿನಿಂದ ಕಣ್ಣೊರೆಸಿಕೊಂಡು, "ನಾ ಏನ ತಪ್ಪ ಮಾಡೀನ್ರಿ? ಬಸುರಿದ್ದಾಗ ಏನಾರ ತಿನ್ನಬಾರದ್ದ ತಿಂದ್ನೇನು?" ಎಂದಳು. ಇಂಥ ಭಯ ಯಾವ ತಾಯಿಗೆ ಇಲ್ಲ? ಒಂದು ಕಾಲದಲ್ಲಿ ಪಾಶ್ಚಾತ್ಯ ದೇಶದ ವೈದ್ಯರೇ, ತಾಯಿ ಪ್ರೀತಿ ತೋರದಿದ್ದರೆ ಮಗುವಿಗೆ ಆಟಿಸಂ ಬರುತ್ತದೆ ಎಂದು ಬರೆದು ಸಾವಿರಾರು ತಾಯಂದಿರನ್ನು ಅಳಿಸಿದ್ದರು. ಆ ವಾದವನ್ನು ವಿಜ್ಞಾನ ಎಂದೋ ತಳ್ಳಿಹಾಕಿದೆ. ಲಸಿಕೆಯಿಂದ ಬರುತ್ತದೆ ಎಂದು 1998ರಲ್ಲಿ ಪ್ರಕಟವಾದ ಲೇಖನವನ್ನೂ ಆ ಪತ್ರಿಕೆಯೇ 2010ರಲ್ಲಿ ಹಿಂದಕ್ಕೆ ಪಡೆಯಿತು. ತಾಯಿಯನ್ನು ಕರೆಸುವುದು ಸಾಕ್ಷಿಗಾಗಿ, ವಿಚಾರಣೆಗಾಗಿ ಅಲ್ಲ.

ಉತ್ತರ ಸಿಕ್ಕಿದ ಮೇಲೆ

ಮೂರನೆಯ ಭೇಟಿಯಲ್ಲಿ ಫಲಿತಾಂಶ ಹೇಳಿದರು. ಇಲ್ಲಿ ಮೂರು ಬಗೆಯ ಉತ್ತರ ಬರಬಹುದು: ಇದೆ, ಇಲ್ಲ, ಅಥವಾ ಈಗಲೇ ಖಚಿತವಾಗಿ ಹೇಳಲಾಗದು. ಇಲ್ಲ ಎಂದರೆ ನೀವು ಸುಳ್ಳು ಹೇಳಿದಿರಿ ಎಂದರ್ಥವಲ್ಲ. ಕಷ್ಟ ನಿಜ, ಕಾರಣ ಬೇರೆ. "ಹಾಗಾದರೆ ಏನು, ಮುಂದೆ ಏನು ಮಾಡಬೇಕು?" ಎಂದು ಕೇಳಿಯೇ ಎದ್ದು ಬನ್ನಿ. ಬರಹದಲ್ಲಿ ವರದಿ ಕೊಡಿ ಎಂದೂ ಕೇಳಿ.

ಇವಳಿಗೆ ಆಟಿಸಂ ಇದೆ, ಅದರ ಜೊತೆ ವರ್ಷಗಳಿಂದ ಕೂಡಿಕೊಂಡು ಬಂದ ಆತಂಕವೂ ಇದೆ ಎಂದರು. ಆಟಿಸಮ್ಮಿಗೆ ಗುಳಿಗೆ ಇಲ್ಲ, ವಾಸಿ ಮಾಡುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆತಂಕಕ್ಕೆ, ನಿದ್ರೆಗೆ, ಖಿನ್ನತೆಗೆ ಚಿಕಿತ್ಸೆ ಇದೆ. ಇವಳಿಗೆ ಆತಂಕಕ್ಕೆ ಆಪ್ತಸಮಾಲೋಚನೆ ಶುರು ಮಾಡಿದರು.

ನಾನು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದರ ನನಗ ಸೊಕ್ಕ ಇಲ್ಲ" ಎಂದಳು. ಪ್ರಶ್ನೆಯಂತೆ ಅಲ್ಲ, ಲೆಕ್ಕ ಬಿಡಿಸಿ ಉತ್ತರ ಬರೆದವಳಂತೆ.

ಬಸ್ಸಿನಲ್ಲಿ ಬಂದ ಮುಂದಿನ ಪ್ರಶ್ನೆ, ಗಂಡನ ಮನೆಯಲ್ಲಿ ಹೇಳಬೇಕೇ? ವಯಸ್ಸಿಗೆ ಬಂದವರ ಮಾನಸಿಕ ಆರೋಗ್ಯದ ಮಾಹಿತಿಯನ್ನು ಗುಟ್ಟಾಗಿಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟಿದೆ. ವೈದ್ಯರು ತಾವಾಗಿ ಅತ್ತೆ ಮಾವಂದಿರಿಗೆ ಫೋನ್ ಮಾಡಿ ಹೇಳುವುದಿಲ್ಲ. ಯಾರಿಗೆ ಹೇಳಬೇಕು ಎಂಬುದು ಅವಳ ನಿರ್ಧಾರ. ಅವಳು ಮೊದಲು ಗಂಡನಿಗೆ ಮಾತ್ರ ಹೇಳಿದಳು. ಇನ್ನು ಮದುವೆಯಾಗಬೇಕಾದ ಹೆಣ್ಣುಮಕ್ಕಳ ತಂದೆ-ತಾಯಿಗೆ ನನ್ನ ಸಲಹೆ ಬೇರೆ: ಮುಚ್ಚಿಟ್ಟು ನಿಕಾಹ್ ಮಾಡಿ ಆಮೇಲೆ ಅವಳೊಬ್ಬಳು ಅನುಭವಿಸುವುದಕ್ಕಿಂತ, ಅವಳ ಒಪ್ಪಿಗೆ ಪಡೆದು, ಅರ್ಥ ಮಾಡಿಕೊಳ್ಳುವ ಮನೆಯನ್ನು ಹುಡುಕಿ ಹೇಳಿಯೇ ಮಾಡುವುದು ಒಳ್ಳೆಯದು.

ಪ್ರಮಾಣಪತ್ರ ಬೇಕಾದವರಿಗೆ

ಆಟಿಸಂ ಇದೆ ಎಂಬ ವೈದ್ಯರ ವರದಿ ಬೇರೆ, ಸರಕಾರಿ ಅಂಗವಿಕಲತೆಯ ಪ್ರಮಾಣಪತ್ರ ಬೇರೆ. ಇವಳಿಗೆ ಸದ್ಯ ಅದು ಬೇಕಿರಲಿಲ್ಲ. ಆದರೆ ಬೀಳಗಿ ಕಡೆಯ ಒಬ್ಬ ತಾಯಿ ನನಗೆ ಗೊತ್ತು. ಇಪ್ಪತ್ತು ದಾಟಿದ ಮಗ, ಮಾತು ಕೆಲವೇ ಪದ. "ನಾವು ಹೋದ ಮ್ಯಾಲೆ ಇವನ ಗತಿ ಏನು?" ಎಂಬ ಒಂದೇ ಚಿಂತೆ. ಅಂಥವರಿಗೆ ಇದು ಬಹಳ ಮುಖ್ಯ.

ಪ್ರಮಾಣಪತ್ರಕ್ಕಾಗಿ ನಮ್ಮ ದೇಶದಲ್ಲಿ ಇಸಾ ಎಂಬ ಭಾರತೀಯ ಮಾಪನ ಬಳಸುತ್ತಾ ಬಂದಿದ್ದಾರೆ. 40 ಅಂಶಗಳು, ಒಂದೊಂದಕ್ಕೆ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲವೆಂದು ಎಣಿಸುತ್ತಾರೆ. ಮಕ್ಕಳು ಮತ್ತು ಹರೆಯದವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದರಿಂದ, ಮುಚ್ಚಿಕೊಂಡು ಬದುಕಲು ಕಲಿತ ದೊಡ್ಡವರ ಕಷ್ಟವನ್ನು ಅದು ಪೂರ್ತಿ ಹಿಡಿಯಲಾರದು. ಅದನ್ನು ಬಲ್ಲ ತಜ್ಞರ ವಿವರವಾದ ವರದಿ ಜೊತೆಗಿರಲಿ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಎಂದಾದರೆ 2016ರ ಕಾಯ್ದೆಯ ಮೀಸಲಾತಿ ಮುಂತಾದ ಸೌಲಭ್ಯಗಳು ಅನ್ವಯಿಸುತ್ತವೆ. ಯು.ಡಿ.ಐ.ಡಿ. ಕಾರ್ಡಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ರಾಷ್ಟ್ರೀಯ ನ್ಯಾಸದ ನಿರಾಮಯ ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಇದೆ. ಹದಿನೆಂಟು ದಾಟಿದ ಮೇಲೂ ಸ್ವಂತ ವ್ಯವಹಾರ ನೋಡಿಕೊಳ್ಳಲಾಗದವರಿಗೆ ಪಾಲಕರನ್ನು ನೇಮಿಸುವ ಸಮಿತಿ ಜಿಲ್ಲೆಯಲ್ಲೇ ಇರುತ್ತದೆ, ಜಿಲ್ಲಾಧಿಕಾರಿಗಳು ಅದರ ಮುಖ್ಯಸ್ಥರು.

ಎಲ್ಲಿಗೆ ಹೋಗಬೇಕು ಎಂದು ಕೇಳುವವರಿಗೆ: ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಬರುತ್ತಾರೆಂದು ವಿಚಾರಿಸಿ. ಬಾಗಲಕೋಟೆ ಮತ್ತು ವಿಜಯಪುರದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಧಾರವಾಡದಲ್ಲಿ ಡಿಮ್ಹಾನ್ಸ್, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇವೆ. ಮಕ್ಕಳ ಮಾತಿನ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೊಡ್ಡವರ ಆಟಿಸಂ ನೋಡುವ ಅನುಭವ ಎಲ್ಲರಿಗೂ ಇರುವುದಿಲ್ಲ, ಅದನ್ನು ನೇರವಾಗಿಯೇ ಕೇಳಿ. ಮನೆಯಿಂದ ಹೊರಡಲಾಗದವರು 14416ಕ್ಕೆ ಕರೆ ಮಾಡಬಹುದು. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರಕಾರದ ಟೆಲಿ ಮಾನಸ್ ಉಚಿತ ಸೇವೆ, ಕನ್ನಡದಲ್ಲೂ ಮಾತಾಡುತ್ತಾರೆ.

ಈಗ ಹೇಗಿದ್ದಾಳೆ?

ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕೆಲವು ನೆಂಟರು ಈಗಲೂ "ಧಾರವಾಡಕ್ಕ ಹೋಗಿ ಬಂದಾಕಿ" ಎಂದೇ ಕರೆಯುತ್ತಾರೆ. ಅತ್ತೆಗೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ. ಆದರೆ ಗಂಡ ಆ ವರದಿಯನ್ನು ಎರಡು ಸಲ ಓದಿಸಿಕೊಂಡು ಕೇಳಿದ. ಅತಿಥಿಗಳು ಬರುವುದಿದ್ದರೆ ಹಿಂದಿನ ದಿನವೇ ಹೇಳುತ್ತಾನೆ. ಮದುವೆಗೆ ಹೋದರೆ ನಿಕಾಹ್ ಮುಗಿದು ಊಟ ಮಾಡಿ ಬೇಗ ಕರೆತರುತ್ತಾನೆ. ಮಗ್ಗದ ಲೆಕ್ಕ, ನೂಲಿನ ಲೆಕ್ಕ, ಕೂಲಿಯ ಲೆಕ್ಕ ಎಲ್ಲ ಈಗ ಅವಳ ಕೈಯಲ್ಲಿದೆ. ಒಂದು ಪೈಸೆ ತಪ್ಪುವುದಿಲ್ಲ ಎಂದು ಮಾವನೇ ಹೇಳಿಕೊಳ್ಳುತ್ತಾರೆ. ತಲಾಕಿನ ಮಾತು ಮತ್ತೆ ಬಂದಿಲ್ಲ. ಮಗನ ತರಬೇತಿಯನ್ನು ಅವಳೇ ಮುಂದೆ ನಿಂತು ಮಾಡಿಸುತ್ತಾಳೆ. "ಅವಂಗ ಯಾಕ ಅಳು ಬರ್ತೈತಿ ಅಂತ ನನಗ ಗೊತ್ತಾಗತೈತಿ ಆಪಾ" ಎನ್ನುತ್ತಾಳೆ.

ಸಹೋದರಿಯರೇ, ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ ಸೊಕ್ಕಿನವಳು ಎಂದು ಹೆಸರಾದ ಸೊಸೆಯೊಬ್ಬಳು ಇರಬಹುದು. ಪ್ರತಿಯೊಬ್ಬ ಮೌನಿಗೂ ಆಟಿಸಂ ಇರುತ್ತದೆ ಎಂದು ನಾನು ಹೇಳುತ್ತಿಲ್ಲ, ಅದನ್ನು ಹೇಳಬೇಕಾದವರು ತಜ್ಞರು. ಅವಳ ಪಕ್ಕ ಕುಳಿತು, "ನಿನಗೆ ಯಾವುದು ಕಷ್ಟ ಆಗುತ್ತದೆ?" ಎಂದು ಕೇಳುವುದಕ್ಕೆ ಮಾತ್ರ ಯಾವ ತಜ್ಞರೂ ಬೇಕಿಲ್ಲ. ಉತ್ತರ ತಡವಾಗಿ ಬರಬಹುದು. ಕಾಯಿರಿ. ಅವಳು ಧಾರವಾಡಕ್ಕೆ ಹೋಗಬೇಕಾಗಿ ಬಂದರೆ ನಗಬೇಡಿ, ಜೊತೆಗೆ ಹೋಗಿ.